ಮಾಸ್ಕ್ ಇದ್ದರೆ ಮಾತ್ರ ಆಡ್ತೀನಿ: ಜಾಕ್ ಪ್ಲಾಂಟ್ ಎಂಬ ಗೋಲಿಯ ಕಥೆ

ಹೋದ ತಿಂಗಳು ಟೊರೊಂಟೊ ಹತ್ತಿರ ನಮ್ಮ ಕನ್ನಡದವರ ಭಾನುವಾರದ ಕೂಟದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಮಿಕ್ಕಂತೆ ಮಾತಾಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ನನ್ನ ಮಗಳಿಗೆ ಈಗ ಹನ್ನೊಂದು ವರ್ಷ. ಐಸ್ ಹಾಕಿ ಆಡ್ತಾಳೆ, ಅದರಲ್ಲೂ ಗೋಲಿ. ನಮ್ಮೂರಲ್ಲಿ ಗೋಲಿ ಅಂದರೆ ಮಕ್ಕಳು ಮಣ್ಣಲ್ಲಿ ಆಡುವ ಗಾಜಿನ ಗುಂಡು, ಇಲ್ಲಿ ಗೋಲ್‌ಕೀಪರ್‌ನ ಹಾಗೆ ಕರೀತಾರೆ. ಹೋದ ಚಳಿಗಾಲದಲ್ಲಿ ಒಂದು ದಿನ ಪ್ರಾಕ್ಟೀಸ್ ನಡೀತಿದ್ದಾಗ ಪಕ್ ನೇರವಾಗಿ ಬಂದು ಅವಳ ಮಾಸ್ಕ್‌ಗೆ ಬಡಿಯಿತು. ಗಾಜಿನ ಆಚೆ ಕೂತಿದ್ದ ನನಗೂ 'ಠಣ್' ಅಂತ ಕೇಳಿಸಿತು. ಎದೆ ಧಸಕ್ ಅಂದು ಎದ್ದು ನಿಂತೆ. ಅವಳು ತಲೆ ಒಮ್ಮೆ ಕೊಡವಿದಳು, ಸ್ಟಿಕ್ಕಿನಿಂದ ಗೋಲಿನ ಎರಡೂ ಕಂಬ ತಟ್ಟಿದಳು, ಮತ್ತೆ ಬಗ್ಗಿ ನಿಂತಳು. ಅಷ್ಟೇ. ಮನೆಗೆ ಬರುವಾಗ ಕಾರಲ್ಲಿ ಅವಳು ಆ ಮಾತೇ ಎತ್ತಲಿಲ್ಲ. ನನಗೆ ಮಾತ್ರ ರಾತ್ರಿಯೆಲ್ಲ ಒಂದೇ ಯೋಚನೆ. ಈ ಮಾಸ್ಕ್ ಇಲ್ಲದ ಕಾಲದಲ್ಲಿ ಹೇಗೆ ಆಡ್ತಿದ್ದರು? ಯಾರು ಮೊದಲು ಬೇಕು ಅಂದರು? ಹಾಗೆ ಹುಡುಕುತ್ತಾ ಹೋಗಿ ಸಿಕ್ಕಿದವರು ಜಾಕ್ ಪ್ಲಾಂಟ್.

ಆಟ ಗೊತ್ತಿಲ್ಲದವರಿಗೆ ಮೊದಲು ಪಕ್ ಬಗ್ಗೆ ಹೇಳಿಬಿಡ್ತೀನಿ. ಗಟ್ಟಿ ರಬ್ಬರಿನ ಬಿಲ್ಲೆ ಅದು. 3 ಇಂಚು ಅಗಲ, 1 ಇಂಚು ದಪ್ಪ. ತೂಕ 156ರಿಂದ 170 ಗ್ರಾಂ. ಹೆಚ್ಚುಕಡಿಮೆ ನಮ್ಮ ಕ್ರಿಕೆಟ್ ಚೆಂಡಿನಷ್ಟೇ ಭಾರ ಅಂದುಕೊಳ್ಳಿ. ಐಸ್ ಮೇಲೆ ಪುಟಿಯದೆ ಜಾರಲಿ ಅಂತ ಆಟಕ್ಕೆ ಮುಂಚೆ ಫ್ರೀಜರಿನಲ್ಲಿ ಇಟ್ಟು ಕಲ್ಲಿನಂತೆ ಮಾಡಿರುತ್ತಾರೆ. ದೊಡ್ಡವರು ಬೀಸಿ ಹೊಡೆದರೆ ಗಂಟೆಗೆ 150 ಕಿಲೋಮೀಟರ್ ದಾಟಿ ಬರುತ್ತದೆ. ಅದರ ಮುಂದೆ 6 ಅಡಿ ಅಗಲ, 4 ಅಡಿ ಎತ್ತರದ ಗೋಲು ಕಾಯುತ್ತಾ ಒಬ್ಬ ನಿಂತಿರಬೇಕು. 1959ರವರೆಗೂ ಆ ಒಬ್ಬ ನಿಲ್ಲುತ್ತಿದ್ದದ್ದು ಬರೀ ಮುಖದಲ್ಲಿ. ಕಾಲಿಗೆ ಪ್ಯಾಡ್ ಇತ್ತು, ಎದೆಗೆ ಇತ್ತು, ಕೈಗೆ ಇತ್ತು. ಮುಖಕ್ಕೆ ಇರಲಿಲ್ಲ.

ಪ್ಲಾಂಟ್ ಹುಟ್ಟಿದ್ದು 1929ರ ಜನವರಿ 17ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಫ್ರೆಂಚ್ ಮಾತಾಡುವ ಮನೆ. ಹನ್ನೊಂದು ಮಕ್ಕಳಲ್ಲಿ ಇವರೇ ಹಿರಿಯರು. ಬೆಳೆದದ್ದು ಶಾವಿನಿಗನ್ ಫಾಲ್ಸ್ ಎಂಬ ಕಾರ್ಖಾನೆ ಊರಲ್ಲಿ, ತಂದೆಗೂ ಕಾರ್ಖಾನೆಯಲ್ಲೇ ಕೆಲಸ. ಹನ್ನೊಂದು ಮಕ್ಕಳ ಮನೆ ಅಂದರೆ ನಿಮಗೇ ಗೊತ್ತಲ್ಲ, ಕೊಂಡು ತರುವುದಕ್ಕಿಂತ ಮಾಡಿಕೊಳ್ಳುವುದೇ ಜಾಸ್ತಿ. ಅಮ್ಮ ಹೆಣಿಗೆ ಕಲಿಸಿದರು. ತಮ್ಮ ತಂಗಿಯರಿಗೆ ಉಣ್ಣೆ ಟೋಪಿ ಹೆಣೆದದ್ದು ಈ ಹುಡುಗನೇ. ಅಪ್ಪ ಮರದ ಬೇರು ಕೆತ್ತಿ ಗೋಲಿ ಸ್ಟಿಕ್ ಮಾಡಿಕೊಟ್ಟರು. ಆಲೂಗಡ್ಡೆ ಚೀಲಕ್ಕೆ ತುರುಕಿ ತುಂಬಿ, ಮರದ ಪಟ್ಟಿ ಸೇರಿಸಿ ಕಾಲಿನ ಪ್ಯಾಡ್ ಆಯಿತು.

ಈ ಹುಡುಗನಿಗೆ ಆಸ್ತಮಾ. ಹೆಚ್ಚು ಹೊತ್ತು ಸ್ಕೇಟಿಂಗ್ ಮಾಡಿದರೆ ಉಸಿರು ಕಟ್ಟುತ್ತಿತ್ತು. ಓಡಾಡಲು ಆಗದವನು ಗೋಲಿನಲ್ಲಿ ನಿಲ್ಲಲಿ ಅಂತ ಆಯಿತು. ಅದೇ ಬದುಕಾಯಿತು. ಹದಿಹರೆಯದಲ್ಲೇ ಕಾರ್ಖಾನೆಯ ತಂಡಕ್ಕೆ ಆಡಿದರು, ಪಂದ್ಯಕ್ಕೆ 50 ಸೆಂಟ್ ಸಂಬಳ. ಮುಂದೆ ಎಷ್ಟೇ ಹೆಸರು ಬಂದರೂ ಹೆಣಿಗೆ ಮಾತ್ರ ಬಿಡಲಿಲ್ಲ. ಪ್ರಯಾಣದಲ್ಲಿ ಬೇರೆಯವರು ಇಸ್ಪೀಟು ಆಡುತ್ತಿದ್ದರೆ ಇವರು ಸೂಜಿ ಹಿಡಿದು ಕೂತಿರುತ್ತಿದ್ದರು. ಟೋಪಿ, ಕಾಲುಚೀಲ, ಒಳಬನಿಯನ್ ತನಕ. ತಂಡದವರು ವಿಚಿತ್ರ ಮನುಷ್ಯ ಅಂದರು. ಅಂದುಕೊಳ್ಳಲಿ ಅಂತ ಇವರು ಹೆಣೆಯುತ್ತಲೇ ಇದ್ದರು. ನನಗೆ ಈ ಮನುಷ್ಯ ಇಷ್ಟವಾಗಿದ್ದೇ ಅಲ್ಲಿಂದ. ನಾಲ್ಕು ಜನ ನೋಡಿ ಏನಂತಾರೋ ಅನ್ನುವುದನ್ನು ಇವರು ಚಿಕ್ಕಂದಿನಲ್ಲೇ ದಾಟಿಬಿಟ್ಟಿದ್ದರು. ಆ ಸ್ವಭಾವ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಈಗ ಆ ಕಾಲದ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಕಥೆಯ ಜೀವ ಇರುವುದೇ ಇಲ್ಲಿ. ಇಲ್ಲಿನ ಐಸ್ ಹಾಕಿಯ ಅತಿ ದೊಡ್ಡ ಲೀಗು ಎನ್‌ಎಚ್‌ಎಲ್. 1942ರಿಂದ 1967ರವರೆಗೆ ಅದರಲ್ಲಿ ಇದ್ದದ್ದು ಆರೇ ತಂಡ. ಒಂದು ತಂಡಕ್ಕೆ ಒಬ್ಬ ಗೋಲಿ. ಅಂದರೆ ಇಡೀ ಲೀಗಿನಲ್ಲಿ ಈ ಕೆಲಸ ಆರೇ ಆರು ಜನರಿಗೆ. ಕೆಳಗಿನ ಲೀಗುಗಳಲ್ಲಿ ಅವಕಾಶಕ್ಕೆ ಕಾದು ಕೂತ ಹುಡುಗರು ಎಷ್ಟೋ. ನೀವು ಒಂದು ವಾರ ಜ್ವರ ಅಂತ ಮಲಗಿದರೆ ಆ ಜಾಗಕ್ಕೆ ಬಂದವನು ಚೆನ್ನಾಗಿ ಆಡಿಬಿಟ್ಟರೆ ನಿಮ್ಮ ಕಥೆ ಮುಗಿಯಿತು. ಪ್ಲಾಂಟ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಅವರು ಒಳಗೆ ಬಂದದ್ದೂ ಅದೇ ಬಾಗಿಲಿನಿಂದ. 1953ರ ಸೆಮಿಫೈನಲ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಶಿಕಾಗೊ ವಿರುದ್ಧದ ಸರಣಿಯಲ್ಲಿ ಎರಡು ಪಂದ್ಯ ಗೆದ್ದು ಮೂರು ಸೋತು ಹಿಂದೆ ಬಿದ್ದಿತ್ತು. ಗೋಲಿ ಗೆರಿ ಮೆಕ್‌ನೀಲ್ ಒತ್ತಡ ತಾಳಲಾರದೆ ಜಾಗ ಬಿಟ್ಟುಕೊಟ್ಟರು. ಹೊಸಬ ಪ್ಲಾಂಟ್ ಒಳಗೆ ಬಂದವರೇ ಒಂದೂ ಗೋಲು ಬಿಡದೆ 3–0ಯಿಂದ ಗೆಲ್ಲಿಸಿದರು. ಸರಣಿಯೂ ಬಂತು, ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ಪೂ ಆ ವರ್ಷ ಬಂತು.

ಹೀಗಿರುವಾಗ ಗಾಯ ಅಂತ ಯಾರು ಬಾಯಿ ಬಿಡುತ್ತಾರೆ ಹೇಳಿ? ಹೊಲಿಗೆ ಹಾಕಿಸಿಕೊಂಡು ಅದೇ ಪಂದ್ಯಕ್ಕೆ ವಾಪಸ್ ಬರುವುದು ಮಾಮೂಲಿಯಾಗಿತ್ತು. ಟೆರಿ ಸಾಚಕ್ ಅಂತ ಇನ್ನೊಬ್ಬ ದೊಡ್ಡ ಗೋಲಿ ಇದ್ದರು. 1966ರಲ್ಲಿ ಒಂದು ಪತ್ರಿಕೆ ಅವರ ಮುಖಕ್ಕೆ ಮೇಕಪ್ ಮಾಡಿಸಿ, ವರ್ಷಗಳ ಕಾಲ ಬಿದ್ದ ಹೊಲಿಗೆಗಳನ್ನೆಲ್ಲ ಒಟ್ಟಿಗೆ ತೋರಿಸಿ ಫೋಟೊ ತೆಗೆಯಿತು. ಸುಲಭಕ್ಕೆ ನೋಡಲು ಆಗದ ಚಿತ್ರ ಅದು. ಗ್ಲೆನ್ ಹಾಲ್ ಅನ್ನುವವರು ಬರೀ ಮುಖದಲ್ಲಿ 502 ಪಂದ್ಯ ಬಿಡದೆ ಆಡಿದರು. ಇವತ್ತಿಗೂ ಯಾರೂ ಮುಟ್ಟದ ದಾಖಲೆ. ಅದೇ ಹಾಲ್ ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರು. ಇದು ಆಗೊಮ್ಮೆ ಈಗೊಮ್ಮೆ ಅಲ್ಲ, ಅವರ ಇಡೀ ವೃತ್ತಿಯ ಉದ್ದಕ್ಕೂ. ದಾಖಲೆಯ ಪುಸ್ತಕದಲ್ಲಿ 502 ಅಂತ ಕಾಣುತ್ತದೆ, ಆ ಬಕೆಟ್ ಕಾಣುವುದಿಲ್ಲ.

ಮಾಸ್ಕ್ ಅನ್ನುವ ಯೋಚನೆ ಪ್ಲಾಂಟ್‌ಗೇ ಮೊದಲು ಬಂದದ್ದಲ್ಲ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಮೂಗು ಜಜ್ಜಿಹೋದ ಮೇಲೆ ಚರ್ಮದ ಮಾಸ್ಕ್ ಕಟ್ಟಿಕೊಂಡು ಆಡಿದರು. ಮೂಗಿನ ಪಟ್ಟಿ ಅಡ್ಡ ಬಂದು ಪಕ್ ಸರಿಯಾಗಿ ಕಾಣಲಿಲ್ಲ, ಬಿಟ್ಟರು. ಆಮೇಲೆ ಮೂವತ್ತು ವರ್ಷ ಹತ್ತಿರ ಹತ್ತಿರ ಏನೂ ಆಗಲಿಲ್ಲ. ಕೋಚ್‌ಗಳು ಹೇಳುತ್ತಿದ್ದದ್ದು ಎರಡು ಮಾತು. ಮಾಸ್ಕ್ ಹಾಕಿದರೆ ಕಾಲ ಬುಡದಲ್ಲಿರುವ ಪಕ್ ಕಾಣಲ್ಲ ಅನ್ನುವುದು ಒಂದು, ಅದರಲ್ಲಿ ಸ್ವಲ್ಪ ನಿಜ ಇತ್ತು. ಮುಖ ಮುಚ್ಚಿಕೊಂಡವನು ಹೆದರಿದ್ದಾನೆ ಅನ್ನುವುದು ಇನ್ನೊಂದು. ಈ ಎರಡನೆಯದೇ ಜಾಸ್ತಿ ಕೆಲಸ ಮಾಡಿದ್ದು.

1950ರ ದಶಕದಲ್ಲಿ ಪ್ಲಾಂಟ್‌ರ ಎರಡೂ ಕೆನ್ನೆ ಮೂಳೆ ಮುರಿದಿದ್ದವು. ಮೂಗು ಒಂದಕ್ಕಿಂತ ಹೆಚ್ಚು ಸಲ ಮುರಿದಿತ್ತು. ಸೈನಸ್ ಆಪರೇಷನ್ ಆದ ಮೇಲೆ ಪ್ರಾಕ್ಟೀಸ್‌ನಲ್ಲಿ ಮಾಸ್ಕ್ ಹಾಕಲು ಶುರು ಮಾಡಿದರು. ಪ್ರಾಕ್ಟೀಸ್‌ಗೆ ಕೋಚ್ ಟೋ ಬ್ಲೇಕ್ ಒಪ್ಪಿದರು, ಪಂದ್ಯಕ್ಕೆ ಬೇಡ ಅಂದರು. 1958ರಲ್ಲಿ ಒಂದು ಪ್ಲೇಆಫ್ ಪಂದ್ಯದಲ್ಲಿ ಪ್ಲಾಂಟ್ ಹಣೆಗೆ ಪಕ್ ಬಡಿದದ್ದನ್ನು ಬಿಲ್ ಬರ್ಚ್‌ಮೋರ್ ಎಂಬುವರು ಪ್ರೇಕ್ಷಕರ ನಡುವೆ ಕೂತು ನೋಡಿದರು. ಅವರಿಗೆ ಫೈಬರ್‌ಗ್ಲಾಸ್ ಕಂಪನಿಯಲ್ಲಿ ಕೆಲಸ. ದೋಣಿ ಮಾಡುವ ಇದೇ ವಸ್ತುವಿನಿಂದ ಮುಖಕ್ಕೆ ಸರಿಯಾಗಿ ಕೂರುವಂಥದ್ದು ಮಾಡಬಹುದಲ್ಲ ಅಂತ ಹೊಳೆದು ಪ್ಲಾಂಟ್‌ಗೆ ಪತ್ರ ಬರೆದರು. ಆಸ್ಪತ್ರೆಯಲ್ಲಿ ಪ್ಲಾಂಟ್ ಮುಖಕ್ಕೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆದರು, ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆಯ ಪದರ ಪದರ ಅಂಟಿಸಿ ಮಾಸ್ಕ್ ಮಾಡಿದರು. ದಪ್ಪ ಸುಮಾರು 3 ಮಿಲಿಮೀಟರ್. ತೂಕ ಸುಮಾರು 400 ಗ್ರಾಂ. ಬಣ್ಣ ಚರ್ಮದ್ದೇ. ಕಣ್ಣಿಗೆ, ಬಾಯಿಗೆ ತೂತು. ನೋಡಿದರೆ ಸ್ವಲ್ಪ ಭಯ ಆಗುತ್ತದೆ.

ಇನ್ನು ಆ ರಾತ್ರಿ. 1959ರ ನವೆಂಬರ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಎದುರಾಳಿ ರೇಂಜರ್ಸ್. ಆಟ ಶುರುವಾಗಿ ಕೆಲವೇ ನಿಮಿಷ. ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಮುಖ ಸೀಳಿತು. ಅದಕ್ಕೆ ಸ್ವಲ್ಪ ಮುಂಚೆ ಪ್ಲಾಂಟ್ ತನ್ನನ್ನು ಬೀಳಿಸಿದ್ದರು, ಆ ಸಿಟ್ಟಿಗೆ ಬೇಕಂತಲೇ ತಲೆ ಕಡೆಗೆ ಹೊಡೆದೆ ಅಂತ ಬಾತ್‌ಗೇಟ್ ವರ್ಷಗಳ ನಂತರ ತಾವೇ ಹೇಳಿದರು. ಐಸ್ ಮೇಲೆ ರಕ್ತ. ಪ್ಲಾಂಟ್ ಟವೆಲ್ ಒತ್ತಿಕೊಂಡು ಒಳಗೆ ನಡೆದು ಹೋದರು. ಏಳು ಹೊಲಿಗೆ ಬಿತ್ತು.

ಕೋಚ್ ಬಂದು ಕೇಳಿದರು. ಪ್ಲಾಂಟ್ ಹೇಳಿದರು, ಮಾಸ್ಕ್ ಇದ್ದರೆ ಆಡ್ತೀನಿ, ಇಲ್ಲದಿದ್ದರೆ ಇಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ಸಾಮಾನ್ಯವಾಗಿ ಈ ಕಥೆ ಹೇಳುವವರು ಎಂಥ ಧೈರ್ಯ ಅಂತ ಮುಂದೆ ಹೋಗಿಬಿಡುತ್ತಾರೆ. ಧೈರ್ಯ ಹೌದು. ಆದರೆ ಆ ಮಾತು ನಡೆಯಿತಲ್ಲ, ಅದು ಯಾಕೆ ನಡೆಯಿತು ಅಂತ ನೋಡಿ. ಆಗ ತಂಡಗಳು ಎರಡನೇ ಗೋಲಿಯನ್ನು ಕರೆದುಕೊಂಡು ಓಡಾಡುತ್ತಿರಲಿಲ್ಲ. ಯಾರಿಗಾದರೂ ಪೆಟ್ಟಾದರೆ ಇರಲಿ ಅಂತ ಆತಿಥೇಯ ತಂಡದವರು ಒಬ್ಬ ಹವ್ಯಾಸಿಯನ್ನು ರಿಂಕಿನಲ್ಲಿ ಇಟ್ಟಿರುತ್ತಿದ್ದರು, ಅಷ್ಟೇ. 1928ರ ಫೈನಲ್‌ನಲ್ಲಿ ಒಂದು ತಂಡದ ಗೋಲಿಗೆ ಕಣ್ಣಿಗೆ ಪೆಟ್ಟಾಗಿ, 44 ವರ್ಷದ ಕೋಚ್ ಲೆಸ್ಟರ್ ಪ್ಯಾಟ್ರಿಕ್ ತಾವೇ ಪ್ಯಾಡ್ ಕಟ್ಟಿಕೊಂಡು ನಿಂತಿದ್ದರು. ಬ್ಲೇಕ್‌ಗೆ ಇದ್ದದ್ದು ಎರಡೇ ದಾರಿ. ಯಾರೋ ಹವ್ಯಾಸಿಯನ್ನು ನಿಲ್ಲಿಸುವುದು, ಇಲ್ಲವೇ ಜಗತ್ತಿನ ಅತ್ಯುತ್ತಮ ಗೋಲಿಯ ಮುಖಕ್ಕೆ ಮಾಸ್ಕ್ ಬರಲು ಬಿಡುವುದು. ಪ್ಲಾಂಟ್ ಆ ಹೊತ್ತಿಗೆ ಸತತ ನಾಲ್ಕು ಕಪ್ ಗೆದ್ದಿದ್ದ ಗೋಲಿ. ಇದೇ ಮಾತನ್ನು ಆರನೇ ತಂಡದ, ಹೆಸರಿಲ್ಲದ ಗೋಲಿ ಆಡಿದ್ದರೆ ಮಾರನೇ ದಿನ ಊರಿನ ರೈಲು ಹತ್ತಿಸುತ್ತಿದ್ದರು. ಎಲ್ಲರ ಪರವಾಗಿ ಆ ಮಾತು ಆಡುವ ಶಕ್ತಿ ಇದ್ದದ್ದು ಅವತ್ತು ಒಬ್ಬರಿಗೇ. ಆ ಒಬ್ಬರು ಆಡಿದರು. ನನಗೆ ದೊಡ್ಡದಾಗಿ ಕಾಣುವುದು ಇದು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಅರ್ಥವಾಗದ ವಿಷಯ ಅಲ್ಲ. 2002ರಲ್ಲಿ ಆಂಟಿಗಾದಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗ್ ಮಾಡಿ ಲಾರಾನ ಔಟ್ ಮಾಡಿದ್ದು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಅದೇ ಕುಂಬ್ಳೆ ಬೌಲಿಂಗಿಗೆ 2000ದಲ್ಲಿ ಢಾಕಾದಲ್ಲಿ ಕೀಪಿಂಗ್ ಮಾಡುತ್ತಿದ್ದ ಸಬಾ ಕರೀಂ ಅವರ ಬಲಗಣ್ಣಿಗೆ ಚೆಂಡು ಬಡಿಯಿತು. ಆಮೇಲೆ ಅವರ ಆಟ ಹೆಚ್ಚು ದಿನ ಉಳಿಯಲಿಲ್ಲ. ಕುಂಬ್ಳೆಗೆ ಚಪ್ಪಾಳೆ ಹೊಡೆದ ನಾವು ಸಬಾ ಕರೀಂ ಅವರನ್ನು ಮರೆತೆವು. ಪೆಟ್ಟು ತಿಂದೂ ಆಡಿದವರ ಕಥೆ ನಮಗೆ ಬೇಕು, ಪೆಟ್ಟು ತಿಂದು ಮನೆಗೆ ಹೋದವರದ್ದು ಬೇಡ.

ಪ್ಲಾಂಟ್ ಮಾಸ್ಕ್ ಹಾಕಿಕೊಂಡು ಹೊರಗೆ ಬಂದರು. ಮಾಂಟ್ರಿಯಲ್ 3–1ರಿಂದ ಗೆದ್ದಿತು. ಗಾಯ ವಾಸಿ ಆಗುವ ತನಕ ಮಾತ್ರ ಅಂತ ಬ್ಲೇಕ್ ಒಪ್ಪಿದ್ದರು. ಆದರೆ ತಂಡ ಸೋಲುವುದನ್ನೇ ಮರೆಯಿತು, 18 ಪಂದ್ಯ ಸೋಲಿಲ್ಲದೆ ಹೋಯಿತು. 1960ರ ಮಾರ್ಚ್ 8ರಂದು ಒಂದು ಪಂದ್ಯಕ್ಕೆ ಮಾಸ್ಕ್ ತೆಗೆಸಿದರು. 0–3ರಿಂದ ಸೋತರು. ಮುಂದಿನ ಪಂದ್ಯಕ್ಕೆ ಮಾಸ್ಕ್ ವಾಪಸ್ ಬಂತು, ಆಮೇಲೆ ಹೋಗಲಿಲ್ಲ. ಆ ವರ್ಷದ ಪ್ಲೇಆಫ್‌ನಲ್ಲಿ ಎಂಟಕ್ಕೆ ಎಂಟು ಪಂದ್ಯ ಗೆದ್ದು ಸತತ ಐದನೇ ಕಪ್ ಎತ್ತಿದರು. ಸತತ ಐದು ಕಪ್ ಇನ್ನಾವ ತಂಡಕ್ಕೂ ಇವತ್ತಿನವರೆಗೆ ಸಿಕ್ಕಿಲ್ಲ. ಹೆದರಿ ಮಾಸ್ಕ್ ಹಾಕಿದ್ದೀರಾ ಅಂತ ಯಾರೋ ಕೇಳಿದಾಗ, ಪ್ಯಾರಾಶೂಟ್ ಇಲ್ಲದೆ ವಿಮಾನದಿಂದ ಹಾರಿದರೆ ಅದು ಧೈರ್ಯವಾ ಅಂತ ಪ್ಲಾಂಟ್ ತಿರುಗಿ ಕೇಳಿದರಂತೆ.

ಮಾಸ್ಕ್ ಒಂದರಿಂದಲೇ ಇವರನ್ನು ನೆನೆಯುವುದು ಅನ್ಯಾಯ. ಗೋಲು ಬಿಟ್ಟು ಹೊರಗೆ ಬಂದು, ನೆಟ್ ಹಿಂದೆ ಹೋಗಿ ಪಕ್ ತಡೆದು, ತಮ್ಮವರಿಗೆ ತಳ್ಳಿಕೊಡುವುದನ್ನು ರೂಢಿಗೆ ತಂದವರೂ ಇವರೇ. ಹುಡುಗನಾಗಿದ್ದಾಗ ಆಡಿದ ಒಂದು ತಂಡದ ಡಿಫೆನ್ಸ್ ಬಹಳ ದುರ್ಬಲವಾಗಿತ್ತು. ಒಬ್ಬನಿಗೆ ಹಿಂದಕ್ಕೆ ಸ್ಕೇಟ್ ಮಾಡಲು ಬಾರದು, ಇನ್ನೊಬ್ಬನಿಗೆ ಒಂದು ಕಡೆ ತಿರುಗಲು ಬಾರದು. ಅವರನ್ನು ಕಾಯುವ ಬದಲು ತಾನೇ ಹೋಗಿ ತರುವುದು ವಾಸಿ ಅನ್ನಿಸಿತು. ಈಗ ನನ್ನ ಮಗಳ ತಂಡದಲ್ಲಿ ಕೂಡ ಕೋಚ್ ಇದನ್ನೇ ಹೇಳಿಕೊಡುತ್ತಾರೆ. ಗೋಲಿನ ಮೇಲಿನ ಅಡ್ಡಪಟ್ಟಿ ಕೆಲವು ರಿಂಕುಗಳಲ್ಲಿ ಕೆಳಗಿದೆ ಅಂತಲೂ ಪ್ಲಾಂಟ್ ಒಮ್ಮೆ ದೂರಿದರು. ಜನ ನಕ್ಕರು. ಅಳೆದು ನೋಡಿದರೆ ನಿಜ! ಸಾವಿರಾರು ಗಂಟೆ ಗೋಲನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತವನಿಗೆ ಕಣ್ಣಿಂದ ನೋಡದೆಯೂ ಎರಡು ಇಂಚು ವ್ಯತ್ಯಾಸ ತಿಳಿಯುತ್ತದೆ.

ಬ್ಲೇಕ್ ಜೊತೆ ಸಂಬಂಧ ಸರಿಹೋಗಲಿಲ್ಲ. ಆಸ್ತಮಾ ಜಾಸ್ತಿಯಾಗುತ್ತದೆ ಅಂತ ಟೊರೊಂಟೊಗೆ ಹೋದಾಗ ತಂಡದ ಹೋಟೆಲ್ ಬಿಟ್ಟು ಬೇರೆ ಕಡೆ ಉಳಿಯುತ್ತಿದ್ದರು, ಅದೂ ಮಾತಿಗೆ ಬಂತು. 1961ರಲ್ಲಿ ಮಂಡಿ ಕೆಟ್ಟಿತು, ಕೆಲವು ದಿನ ಕೆಳಗಿನ ಲೀಗಿಗೂ ಕಳಿಸಿದರು. ಮುಂದಿನ ಸೀಸನ್‌ನಲ್ಲಿ ಅವರು 70ಕ್ಕೆ 70 ಪಂದ್ಯ ಆಡಿ, ಅತಿ ಕಡಿಮೆ ಗೋಲು ಬಿಟ್ಟ ತಂಡದ ಗೋಲಿಗೆ ಆಗ ಕೊಡುತ್ತಿದ್ದ ವೆಜಿನಾ ಟ್ರೋಫಿ ಜೊತೆಗೆ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ತೆಗೆದುಕೊಂಡರು. ಮತ್ತೊಬ್ಬ ಗೋಲಿಗೆ ಹಾರ್ಟ್ ಸಿಕ್ಕಿದ್ದು 1997ರಲ್ಲಿ, ಡೊಮಿನಿಕ್ ಹಾಶೆಕ್‌ಗೆ. ಇಷ್ಟಾದರೂ 1963ರಲ್ಲಿ ಪ್ಲಾಂಟ್‌ನ ನ್ಯೂಯಾರ್ಕಿಗೆ ಕೊಟ್ಟುಬಿಟ್ಟರು. ಅಲ್ಲಿ ಎರಡು ವರ್ಷ ಕಷ್ಟಪಟ್ಟು 1965ರಲ್ಲಿ ನಿವೃತ್ತಿ.

ಇಲ್ಲಿಗೆ ಮುಗಿದಿದ್ದರೂ ದೊಡ್ಡ ಬದುಕೇ. ಆದರೆ ಮೂರು ವರ್ಷ ಬಿಟ್ಟು, 39ರ ವಯಸ್ಸಿನಲ್ಲಿ ಸೇಂಟ್ ಲೂಯಿಸ್ ತಂಡಕ್ಕೆ ವಾಪಸ್ ಬಂದರು. ಜೊತೆಯಲ್ಲಿ ಯಾರು ಗೊತ್ತಾ? ಅದೇ ವಾಂತಿ ಮಾಡಿಕೊಳ್ಳುತ್ತಿದ್ದ ಗ್ಲೆನ್ ಹಾಲ್. ಇಬ್ಬರು ಹಿರಿಯರು ಗೋಲು ಹಂಚಿಕೊಂಡು ಕಾದು 1969ರ ವೆಜಿನಾ ಗೆದ್ದರು. ಪ್ಲಾಂಟ್‌ಗೆ ಅದು ಏಳನೆಯದು. ಹಾಲ್ ಮೊದಲ ಸಲ ಮಾಸ್ಕ್ ಹಾಕಿದ್ದೂ ಅಲ್ಲೇ. 1970ರ ಫೈನಲ್‌ನ ಮೊದಲ ಪಂದ್ಯದಲ್ಲಿ ಬಾಸ್ಟನ್‌ನ ಫ್ರೆಡ್ ಸ್ಟಾನ್‌ಫೀಲ್ಡ್ ಹೊಡೆದ ಪಕ್ ಇನ್ನೊಬ್ಬರ ಸ್ಟಿಕ್ಕಿಗೆ ತಾಗಿ ದಿಕ್ಕು ಬದಲಿಸಿ ಪ್ಲಾಂಟ್ ಹಣೆಗೆ ಬಡಿಯಿತು. ಪ್ರಜ್ಞೆ ತಪ್ಪಿ ಬಿದ್ದರು. ಮಾಸ್ಕ್ ಒಡೆಯಿತು, ತಲೆ ಉಳಿಯಿತು. ಮಾಸ್ಕ್ ಇಲ್ಲದಿದ್ದರೆ ಸತ್ತೇಹೋಗುತ್ತಿದ್ದೆ ಅಂತ ಆಮೇಲೆ ಅವರೇ ಹೇಳಿದರು. ಆ ಮುಂದಿನ ಸೀಸನ್‌ನಲ್ಲಿ ಟೊರೊಂಟೊ ಪರವಾಗಿ ಪಂದ್ಯಕ್ಕೆ ಸರಾಸರಿ 1.88 ಗೋಲು ಬಿಟ್ಟು ಇಡೀ ಲೀಗಿಗೆ ಮೊದಲಿಗರಾದರು. ಆಗ ಅವರಿಗೆ 42. ಅದೇ ತಂಡಕ್ಕೆ ಬಂದ ಬರ್ನಿ ಪೇರೆಂಟ್ ಎಂಬ ಯುವಕನಿಗೆ ತಾವು ಕಲಿತದ್ದನ್ನೆಲ್ಲ ಧಾರೆ ಎರೆದರು. ಆ ಪೇರೆಂಟ್ ಮುಂದೆ ಫಿಲಡೆಲ್ಫಿಯಾಕ್ಕೆ 1974 ಮತ್ತು 1975ರ ಕಪ್ ಗೆದ್ದುಕೊಟ್ಟರು.

ಪ್ಲಾಂಟ್ 1986ರಲ್ಲಿ ಜಿನೀವಾದಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು, 57 ವರ್ಷಕ್ಕೆ. 1995ರಲ್ಲಿ ಮಾಂಟ್ರಿಯಲ್ ಅವರ 1ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಮೇಲಕ್ಕೆ ಏರಿಸಿತು.

ಕೂಟದಲ್ಲಿ ಒಬ್ಬ ಅಜ್ಜಿ ಕೇಳಿದರು, "ಮಗಾ, ಇಷ್ಟೆಲ್ಲ ಹೇಳಿದೆಯಲ್ಲ, ಆತ ಮನುಷ್ಯ ಹೇಗೆ?" ತಂಡದವರ ಜೊತೆ ಬೆರೆಯದ, ಒಂಟಿ ಮನುಷ್ಯ ಅಂತಲೇ ಹೆಚ್ಚಿನವರು ಹೇಳುತ್ತಾರೆ. ಅಜ್ಜಿಗೆ ನಾನು ಹೇಳಿದ್ದು 1972ರ ಒಂದು ಸಂಗತಿ.

ಆ ಸೆಪ್ಟೆಂಬರಿನಲ್ಲಿ ಕೆನಡಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಎಂಟು ಪಂದ್ಯಗಳ ಸರಣಿ. ಮೊದಲನೆಯದು ಮಾಂಟ್ರಿಯಲ್‌ನಲ್ಲಿ. ನಮ್ಮವರು ಸುಲಭವಾಗಿ ಗೆಲ್ಲುತ್ತಾರೆ ಅಂತ ಇಡೀ ಕೆನಡಾ ನಂಬಿತ್ತು. ಸೋವಿಯತ್ ಗೋಲಿ ವ್ಲಾದಿಸ್ಲಾವ್ ತ್ರೆತ್ಯಾಕ್‌ಗೆ ಆಗ 20 ವರ್ಷ. ಪಂದ್ಯಕ್ಕೆ ಮುಂಚೆ ಅವರ ಡ್ರೆಸ್ಸಿಂಗ್ ರೂಮಿನ ಬಾಗಿಲು ತೆಗೆದು ದುಭಾಷಿಯ ಜೊತೆ ಪ್ಲಾಂಟ್ ಒಳಗೆ ಬಂದರು. ಆ ಹುಡುಗನನ್ನು ಕೂರಿಸಿಕೊಂಡು, ಬೋರ್ಡಿನ ಮೇಲೆ ಬರೆದು ತೋರಿಸಿದರು. ಕೆನಡಾ ತಂಡದ ಎಸ್ಪೊಸಿಟೊ ಹೀಗೆ ಹೊಡೀತಾನೆ, ಮಹೋವ್ಲಿಚ್ ಬಂದರೆ ಎಲ್ಲಿ ನಿಲ್ಲಬೇಕು, ಕೂರ್ನಾಯೆ ಎಷ್ಟು ವೇಗ. ಹೇಳಿ ಮುಗಿಸಿ ಹೊರಟು ಹೋದರು. ಇದನ್ನು ತ್ರೆತ್ಯಾಕ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ, ಅವರು ಯಾಕೆ ಹಾಗೆ ಮಾಡಿದರೋ ನನಗೆ ಇವತ್ತಿಗೂ ಒಗಟು ಅನ್ನುತ್ತಾರೆ. ನನಗೆ ಅನ್ನಿಸುವುದು ಇಷ್ಟೇ. ಆ ಕಟ್ಟಡದಲ್ಲಿ ಅವತ್ತು ಸಾವಿರಾರು ಜನ ಇದ್ದರು. ಆ ಹುಡುಗ ಯಾವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದಾನೆ ಅನ್ನುವುದು ಪ್ಲಾಂಟ್‌ಗೆ ಗೊತ್ತಿದ್ದಷ್ಟು ಅವರಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಸೋವಿಯತ್ 7–3ರಿಂದ ಗೆದ್ದಿತು.